ಬೆಲೆ ತೆತ್ತ ಕಾಣಿಕೆ: ಒಂದು ವೇದಪಾಠ



ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ವರ್ಷದ ವರದಿಯು ಹೇಗೂ ಬೇರೆ ಪುಟಗಳಲ್ಲಿ ಅಚ್ಚಾಗುವದರಿಂದ, ಒಂದು ವೇದಪಾಠವನ್ನೇ ಬರೆಯುವದು ಯುಕ್ತವೆಂದು ನನಗೆ ತೋರಿತು. ಇಲ್ಲಿ ಕಲಿತು ಹೋದವರು ಬೆಳಗಿನ ವೇದಪಾಠದ ಗಂಟೆಯನ್ನು ಮರೆತಿರಲಾರರು. ಇದನ್ನು ಆ ಗಂಟೆಯ ಇನ್ನೊಂದು ಪಾಠವೆಂದು ಎಣಿಸಿ, ಸಾಧ್ಯವಾದರೆ ಸತ್ಯವೇದವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಬೇಕಾಗಿ ವಿನಂತಿ.

ಪಾಠದ ವಿಷಯವು ಕೊಡುವದರ ಕುರಿತಾದದ್ದು. ದಾನಧರ್ಮವೆಂಬ ಮಾತನ್ನು ಅರಿಯದ ಮನೆಯು ನಮ್ಮ ನಾಡಿನಲ್ಲಿಲ್ಲ. ನಮ್ಮ ಮಕ್ಕಳ ತಾಯಿತಂದೆಗಳಲ್ಲಿ ಕ್ರೈಸ್ತರಲ್ಲದವರು ಅನೇಕರಿದ್ದಾರೆ. ಅವರ ಮನೆಗಳಲ್ಲಿಯೂ ಹಸಿದು ಬಂದವನನ್ನು ಬರಿಗೈಯಲ್ಲಿ ಕಳುಹಿಸುವ ಪದ್ಧತಿಯಿಲ್ಲ. ಹೀಗಿರಲಾಗಿ ಕೊಡಬೇಕೆಂಬದನ್ನು ನಾನು ಯಾರಿಗೂ ಹೊಸದಾಗಿ ಕಲಿಸಬೇಕಾದದ್ದಿಲ್ಲ. ಆದರೆ ಕಾಣಿಕೆಯ ವಿಷಯದಲ್ಲಿ ಎರಡು ಪ್ರಶ್ನೆಗಳಿವೆ. ಇದರ ಬೆಲೆ ಎಷ್ಟು ಎಂಬದು ಮೊದಲನೆಯದು. ಇದನ್ನು ಎಲ್ಲರೂ ಕೇಳುತ್ತಾರೆ. ಆ ಬೆಲೆಯನ್ನು ತೆತ್ತವರು ಯಾರು ಎಂಬದು ಎರಡನೆಯದು. ಇದನ್ನು ಕೇಳುವವರು ಕಡಿಮೆ. ಸತ್ಯವೇದವು ಎರಡನ್ನೂ ಕೇಳುತ್ತದೆ. ಈ ಪಾಠವು ವಿಶೇಷವಾಗಿ ಎರಡನೆಯ ಪ್ರಶ್ನೆಗೆ ಸಂಬಂಧಪಟ್ಟದ್ದು.

೧. ಬೊಕ್ಕಸದ ಎದುರಿನಲ್ಲಿ

ಬಡ ವಿಧವೆಯ ಕಥೆಯು ಮಾರ್ಕನ ಸುವಾರ್ತೆಯ ೧೨ನೆಯ ಅಧ್ಯಾಯದ ಕೊನೆಯಲ್ಲಿಯೂ ಲೂಕನ ಸುವಾರ್ತೆಯ ೨೧ನೆಯ ಅಧ್ಯಾಯದ ಮೊದಲಲ್ಲಿಯೂ ಬರುತ್ತದೆ. ಯೆರೂಸಲೇಮಿನ ದೇವಾಲಯದಲ್ಲಿ ಕಾಣಿಕೆಗಳಿಗಾಗಿ ೧೩ ಪೆಟ್ಟಿಗೆಗಳು ಇದ್ದವೆಂದೂ ಅವು ಕೊಂಬಿನ ಆಕಾರದವುಗಳೆಂದೂ ಯೆಹೂದ್ಯರ ಮಿಷ್ನಾ ಎಂಬ ಗ್ರಂಥದಿಂದ ತಿಳಿಯುತ್ತದೆ. ಅವು ಸ್ತ್ರೀಯರ ಅಂಗಳವೆಂದು ಕರೆಯಲ್ಪಡುತ್ತಿದ್ದ ಭಾಗದಲ್ಲಿ ಇದ್ದವೆಂದು ಪಂಡಿತರು ಎಣಿಸುತ್ತಾರೆ. ಹೆಂಗಸರು ದೇವಾಲಯದೊಳಗೆ ಸಾಮಾನ್ಯವಾಗಿ ಆ ಅಂಗಳದ ವರೆಗೆ ಮಾತ್ರ ಹೋಗುತ್ತಿದ್ದರು. ಕರ್ತನು ಬೊಕ್ಕಸದ ಎದುರಿನಲ್ಲಿ ಕುಳಿತುಕೊಂಡು ಜನರು ಹಣ ಹಾಕುವ ರೀತಿಯನ್ನು ನೋಡುತ್ತಿದ್ದನು. ಐಶ್ವರ್ಯವಂತರು ಅನೇಕರು ಬಂದು ಬಹಳ ಹಾಕಿದರು. ಒಬ್ಬ ಬಡ ವಿಧವೆಯು ಬಂದು ಎರಡು ಕಾಸು ಹಾಕಿದಳು.

ಆ ಕಾಸಿನ ಹೆಸರು ಗ್ರೀಕ್ ಭಾಷೆಯಲ್ಲಿ ಲೆಪ್ಟಾನ್. ಆ ಕಾಲದ ತಾಮ್ರದ ನಾಣ್ಯಗಳಲ್ಲಿ ಅದಕ್ಕಿಂತ ಚಿಕ್ಕದು ಇರಲಿಲ್ಲ. ದ್ರಾಕ್ಷೇತೋಟದ ಸಾಮ್ಯದಲ್ಲಿ ಕೂಲಿಯವನಿಗೆ ದಿನವೊಂದಕ್ಕೆ ಗೊತ್ತುಮಾಡಿದ ಸಂಬಳವು ಒಂದು ದೆನಾರಿಯ. ಒಂದು ದೆನಾರಿಯಕ್ಕೆ ೧೨೮ ಲೆಪ್ಟಾನ್‌ಗಳು. ಆದದರಿಂದ ಆ ವಿಧವೆಯ ಎರಡು ಕಾಸುಗಳು ಒಂದು ದಿನದ ಕೂಲಿಯ ೬೪ರಲ್ಲಿ ಒಂದು ಪಾಲು. ಎಂಟು ಗಂಟೆ ದುಡಿಯುವ ಆಳಿನ ಲೆಕ್ಕದಲ್ಲಿ ಹೇಳುವದಾದರೆ ಏಳೆಂಟು ನಿಮಿಷಗಳ ಕೂಲಿ. ದೇವಾಲಯದ ಲೆಕ್ಕದ ಪುಸ್ತಕದಲ್ಲಿ ಇಂಥದ್ದನ್ನು ಬರೆಯುವದಕ್ಕೆ ತಗಲುವ ಶಾಯಿಯೇ ಹೆಚ್ಚೆಂದು ಯಾರಾದರೂ ಹೇಳಿದ್ದರೆ ಆಶ್ಚರ್ಯವಿಲ್ಲ.

ಕರ್ತನು ಅಳೆದ ರೀತಿಯೇ ಬೇರೆ. ಪೆಟ್ಟಿಗೆಯೊಳಗೆ ಬಿದ್ದದ್ದು ಎಷ್ಟೆಂದು ಆತನು ನೋಡಲಿಲ್ಲ. ಕೈಯಲ್ಲಿ ಉಳಿದದ್ದು ಎಷ್ಟೆಂದು ನೋಡಿದನು. ಮಿಕ್ಕವರು ಕೊಟ್ಟ ಮೇಲೆಯೂ ಅವರ ರಾತ್ರಿಯ ಊಟದಲ್ಲಿ ಏನೂ ಕಡಿಮೆಯಾಗಲಿಲ್ಲ. ಈಕೆಗಾದರೋ ಏನೂ ಉಳಿಯಲಿಲ್ಲ. ಕಾಸುಗಳು ಎರಡಿದ್ದವೆಂಬದನ್ನು ಮಾರ್ಕನು ವಿಶೇಷವಾಗಿ ಬರೆದಿಟ್ಟಿದ್ದಾನೆ. ಒಂದನ್ನು ಹಾಕಿ ಮತ್ತೊಂದನ್ನು ಸೆರಗಿನಲ್ಲಿ ಕಟ್ಟಿಕೊಳ್ಳಬಹುದಾಗಿತ್ತು. ಹಾಗೆ ಮಾಡಿದ್ದರೂ ಆಕೆಯನ್ನು ಯಾರೂ ದೂರುತ್ತಿರಲಿಲ್ಲ. ಆಕೆಯನ್ನು ಕೇಳಿದವರು ಯಾರೂ ಇಲ್ಲ, ನೋಡಿದವರು ಯಾರೂ ಇಲ್ಲ ಎಂಬಂತೆ ಆಕೆ ಬಂದಳು, ಹಾಗೆಯೇ ಹೋದಳು. ಕರ್ತನು ಶಿಷ್ಯರನ್ನು ಹತ್ತಿರ ಕರೆದು ಆಕೆಯ ವಿಷಯವಾಗಿ ಹೇಳಿದನೇ ಹೊರತು ಆಕೆಯನ್ನು ಕರೆದು ಹೊಗಳಿದನೆಂದು ಬರೆದಿಲ್ಲ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಇದರ ಹಿಂದಿನ ವಚನಗಳನ್ನೂ ಮುಂದಿನ ವಚನಗಳನ್ನೂ ನೋಡಿರಿ. ಇದಕ್ಕೆ ಸ್ವಲ್ಪ ಮುಂಚೆ, ಉದ್ದವಾದ ನಿಲುವಂಗಿಗಳನ್ನು ತೊಟ್ಟು ಸಂತೆಬೀದಿಗಳಲ್ಲಿ ನಮಸ್ಕಾರಗಳನ್ನು ಬಯಸುವ ಶಾಸ್ತ್ರಿಗಳು ವಿಧವೆಯರ ಮನೆಗಳನ್ನು ನುಂಗಿಬಿಡುತ್ತಾರೆಂದು ಕರ್ತನು ಎಚ್ಚರಿಸಿದ್ದಾನೆ. ಇದಾದ ಕೂಡಲೇ, ಅಂದರೆ ೧೩ನೆಯ ಅಧ್ಯಾಯದ ಮೊದಲಲ್ಲಿ, ಆ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ನಿಲ್ಲದೆಂದು ಹೇಳಿದ್ದಾನೆ. ಇವೆರಡರ ನಡುವೆ ಈ ವಿಧವೆಯು ತನ್ನ ಎರಡು ಕಾಸುಗಳೊಂದಿಗೆ ನಿಂತಿದ್ದಾಳೆ. ಆಕೆಯ ಕಾಣಿಕೆಯನ್ನು ಆತನು ಮೆಚ್ಚಿದನೆಂಬದು ನಿಶ್ಚಯ. ಆದರೆ ವಿಧವೆಯರನ್ನು ಬರಿದುಮಾಡುವವರನ್ನು ಆತನು ಮೆಚ್ಚಲಿಲ್ಲವೆಂಬದೂ ಅಷ್ಟೇ ನಿಶ್ಚಯ. ಕೊಡುವವಳ ಪ್ರೀತಿಯು ತೆಗೆದುಕೊಳ್ಳುವವರ ಲೋಭಕ್ಕೆ ಮುಸುಕಾಗಬಾರದು.

೨. ಅರೌನನ ಕಣ

ಎರಡನೆಯ ಚಿತ್ರವು ೨ ಸಮುವೇಲನ ೨೪ನೆಯ ಅಧ್ಯಾಯದಲ್ಲಿದೆ. ದೇಶದಲ್ಲಿ ವ್ಯಾಧಿಯು ಹರಡಿದಾಗ, ಯೆಬೂಸಿಯನಾದ ಅರೌನನ ಕಣದಲ್ಲಿ ಯಜ್ಞವೇದಿಯನ್ನು ಕಟ್ಟಬೇಕೆಂದು ಪ್ರವಾದಿಯಾದ ಗಾದನು ಅರಸನಾದ ದಾವೀದನಿಗೆ ತಿಳಿಸಿದನು. ದಾವೀದನು ಆ ಕಣವನ್ನು ಕೊಳ್ಳುವದಕ್ಕೆ ಹೋದನು. ಅರೌನನು ಅರಸನನ್ನು ಕಂಡು ಅಡ್ಡಬಿದ್ದು, ಕಣವನ್ನು ಮಾತ್ರವಲ್ಲ, ಹೋಮಕ್ಕೆ ಎತ್ತುಗಳನ್ನೂ ಕಟ್ಟಿಗೆಗಾಗಿ ಹಂತಿಯ ಸಾಮಾನುಗಳನ್ನೂ ನೊಗಗಳನ್ನೂ ಸುಮ್ಮನೆ ತೆಗೆದುಕೊಳ್ಳಬೇಕೆಂದು ಬೇಡಿಕೊಂಡನು. ಕೊಡುವವನಿಗೆ ಮನಸ್ಸಿತ್ತು, ತೆಗೆದುಕೊಳ್ಳುವವನಿಗೆ ಅಧಿಕಾರವಿತ್ತು. ಆದಾಗ್ಯೂ ದಾವೀದನು ಒಪ್ಪಲಿಲ್ಲ. ತನಗೆ ಏನೂ ತಗಲದೆ ಸಿಕ್ಕಿದ್ದನ್ನು ತನ್ನ ದೇವರಿಗೆ ಅರ್ಪಿಸಲಾರೆನೆಂದು ಹೇಳಿ, ಆ ಕಣಕ್ಕೂ ಎತ್ತುಗಳಿಗೂ ೫೦ ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟನು.

ಅರಸನಿಗೆ ಈ ಮಾತು ಹೇಗೆ ಹೊಳೆಯಿತು? ಅದೇ ಅಧ್ಯಾಯವನ್ನು ಮೊದಲಿನಿಂದ ಓದಿದರೆ ತಿಳಿಯುತ್ತದೆ. ಜನಗಣತಿಯ ವಿಷಯದಲ್ಲಿ ತಪ್ಪು ಮಾಡಿದವನು ದಾವೀದನು, ಸತ್ತವರು ಜನರು. ಅದನ್ನು ಕಂಡು ಆತನು, ಪಾಪಮಾಡಿದವನು ತಾನೇ, ಈ ಕುರಿಗಳು ಏನು ಮಾಡಿದವು, ಶಿಕ್ಷೆಯು ತನ್ನ ಮೇಲೆಯೂ ತನ್ನ ತಂದೆಯ ಮನೆಯ ಮೇಲೆಯೂ ಬರಲಿ ಎಂದು ದೇವರಿಗೆ ಮೊರೆಯಿಟ್ಟಿದ್ದನು. ತನ್ನ ಕೃತ್ಯದ ಬೆಲೆಯನ್ನು ಮತ್ತೊಬ್ಬರು ತೆರುವದು ಎಂಥದೆಂದು ಆತನು ಕಣ್ಣಾರೆ ಕಂಡಿದ್ದನು. ಹೀಗಿರುವಲ್ಲಿ ತನ್ನ ಕಾಣಿಕೆಯ ಬೆಲೆಯನ್ನೂ ಮತ್ತೊಬ್ಬನ ತಲೆಯ ಮೇಲೆ ಹೊರಿಸುವದು ಆತನಿಂದ ಆಗಲಿಲ್ಲ.

ತಮ್ಮ ಕೈಕೆಳಗಿನವರ ಮೇಲೆ ಅಧಿಕಾರವುಳ್ಳವರೆಲ್ಲರೂ ಈ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಮನೆಯ ಯಜಮಾನನು, ಶಾಲೆಯ ಮುಖ್ಯಸ್ಥೆಯು, ಸಭೆಯ ಹಿರಿಯರು, ಇವರಿಗೆಲ್ಲಾ ಒಬ್ಬೊಬ್ಬ ಅರೌನನು ಇದ್ದೇ ಇರುತ್ತಾನೆ. ಅವನು ಸಂಕೋಚದಿಂದಲೋ ಭಯದಿಂದಲೋ ಪ್ರೀತಿಯಿಂದಲೋ ತನ್ನದನ್ನು ನಮ್ಮ ಮುಂದಿಡುತ್ತಾನೆ. ಅದನ್ನು ತೆಗೆದುಕೊಂಡು ನಮ್ಮ ಹೆಸರಿನಲ್ಲಿ ಅರ್ಪಿಸುವದು ಬಹು ಸುಲಭ.

೩. ಕೊರ್ಬಾನ್ ಎಂಬ ಮಾತು

ಕಾಣಿಕೆಯು ಕೆಟ್ಟುಹೋಗುವದುಂಟೋ? ಉಂಟೆಂದು ಮಾರ್ಕನ ಸುವಾರ್ತೆಯ ೭ನೆಯ ಅಧ್ಯಾಯದಿಂದ ತಿಳಿಯುತ್ತೇವೆ. ಕೊರ್ಬಾನ್ ಎಂದರೆ ದೇವರಿಗೆ ಮುಡಿಪಾದದ್ದು. ಆ ಕಾಲದಲ್ಲಿ ಒಬ್ಬನು ತನ್ನ ಆಸ್ತಿಯ ವಿಷಯವಾಗಿ ಈ ಮಾತನ್ನು ನುಡಿದರೆ, ಮುಪ್ಪಿನ ತಂದೆಗಾಗಲಿ ತಾಯಿಗಾಗಲಿ ಅದರಿಂದ ಸಹಾಯಮಾಡಬೇಕಾದ ಹಂಗು ತಪ್ಪಿತೆಂದು ಎಣಿಸಲ್ಪಡುತ್ತಿತ್ತು. ಇದನ್ನು ಕರ್ತನು ಕಠಿಣವಾಗಿ ಖಂಡಿಸಿದನು. ಮುಡಿಪು ಕಟ್ಟುವದು ತಪ್ಪೆಂದು ಆತನು ಹೇಳಲಿಲ್ಲ. ಮತ್ತೊಬ್ಬರಿಗೆ ಸಲ್ಲಬೇಕಾದದ್ದನ್ನು ಕಿತ್ತುಕೊಂಡು ಅದಕ್ಕೆ ಕಾಣಿಕೆಯೆಂದು ಹೆಸರಿಡುವದು ದೇವರ ಆಜ್ಞೆಯನ್ನು ನಿರರ್ಥಕ ಮಾಡುವದೆಂದು ಹೇಳಿದನು.

ಇಲ್ಲಿ ಬೆಲೆ ತೆತ್ತವರು ಯಾರು? ಮಗನಲ್ಲ, ಮುದುಕರಾದ ತಾಯಿತಂದೆಗಳು. ಭಕ್ತನೆಂಬ ಹೆಸರು ಮಗನಿಗೆ, ಹಸಿವು ಅವರಿಗೆ. ಪೆಟ್ಟಿಗೆಯಲ್ಲಿ ಬಿದ್ದ ಹಣವು ಎಷ್ಟು ದೊಡ್ಡದಾಗಿದ್ದರೂ ದೇವರ ಲೆಕ್ಕದಲ್ಲಿ ಅದು ಆ ಮಗನ ಹೆಸರಿನ ಮುಂದೆ ಬರೆಯಲ್ಪಡುವದಿಲ್ಲ.

೪. ಮಕೆದೋನ್ಯದ ಬಡವರು

ಪವಿತ್ರ ಗ್ರಂಥದಲ್ಲಿ ಕೊಡುವದರ ಕುರಿತು ವಿಸ್ತಾರವಾಗಿ ಬರೆದ ಭಾಗವು ೨ ಕೊರಿಂಥದ ೮ ಮತ್ತು ೯ನೆಯ ಅಧ್ಯಾಯಗಳು. ಯೆರೂಸಲೇಮಿನ ಸಭೆಯವರು ಕೊರತೆಯಲ್ಲಿದ್ದರು. ಅವರಿಗೋಸ್ಕರ ಅಪೊಸ್ತಲನಾದ ಪೌಲನು ಅನ್ಯಜನರ ಸಭೆಗಳಲ್ಲಿ ಧರ್ಮದ ಹಣವನ್ನು ಕೂಡಿಸುತ್ತಿದ್ದನು. ಮಕೆದೋನ್ಯದ ಸಭೆಗಳೆಂದರೆ ಫಿಲಿಪ್ಪಿ, ಥೆಸಲೋನಿಕ ಮುಂತಾದ ಊರುಗಳವು. ಫಿಲಿಪ್ಪಿಯ ಸಭೆಯು ಧೂಮ್ರವರ್ಣದ ವಸ್ತ್ರಗಳನ್ನು ಮಾರುತ್ತಿದ್ದ ಲುದ್ಯಳೆಂಬ ಹೆಂಗಸಿನ ಮನೆಯಲ್ಲಿ ಕೂಡಿಬರಲಾರಂಭಿಸಿದ್ದನ್ನು ನೀವು ಓದಿದ್ದೀರಿ. ಈ ಸಭೆಗಳವರು ಕಷ್ಟದಲ್ಲಿಯೂ ಕಡು ಬಡತನದಲ್ಲಿಯೂ ಇದ್ದಾಗ್ಯೂ ತಮ್ಮ ಶಕ್ತಿಗೆ ಮೀರಿ ಕೊಟ್ಟರೆಂದು ಪೌಲನು ಹೇಳುತ್ತಾನೆ. ಇದರಿಂದ ನಾವು ಕಲಿಯಬೇಕಾದ ನಾಲ್ಕು ಸಂಗತಿಗಳಿವೆ.

ಒಂದನೆಯದಾಗಿ, ಅವರು ತಾವಾಗಿಯೇ ಕೊಟ್ಟರು. ಪೌಲನು ಅವರನ್ನು ಒತ್ತಾಯಪಡಿಸಲಿಲ್ಲ. ಈ ಸೇವೆಯಲ್ಲಿ ತಮಗೂ ಪಾಲು ಬೇಕೆಂದು ಅವರೇ ಅವನನ್ನು ಬೇಡಿಕೊಂಡರು. ಕೊರಿಂಥದವರಿಗೆ ಬರೆಯುವಾಗಲೂ ತಾನು ಆಜ್ಞೆಯನ್ನು ಕೊಡುತ್ತಿಲ್ಲವೆಂದು ಅವನು ಸ್ಪಷ್ಟವಾಗಿ ತಿಳಿಸುತ್ತಾನೆ. ಅಪೊಸ್ತಲನು ಆಜ್ಞಾಪಿಸದೆ ಬಿಟ್ಟದ್ದನ್ನು ಆಜ್ಞಾಪಿಸುವದಕ್ಕೆ ನಾವು ಯಾರು?

ಎರಡನೆಯದಾಗಿ, ಅವರು ಮೊದಲು ತಮ್ಮನ್ನೇ ಕೊಟ್ಟುಕೊಂಡರು. ಹಣವು ಅದರ ಹಿಂದೆ ಬಂದಿತು. ಮನಸ್ಸನ್ನು ಹಿಡಿದಿಟ್ಟುಕೊಂಡು ಹಣವನ್ನು ಮಾತ್ರ ಕೊಡುವವನು ಸಾಲ ತೀರಿಸಿದವನಂತೆ ಬೆನ್ನು ತಿರುಗಿಸಿ ಹೋಗುತ್ತಾನೆ. ತನ್ನನ್ನೇ ಕೊಟ್ಟವನು ಕೊಟ್ಟಾದ ಮೇಲೆಯೂ ಹತ್ತಿರ ನಿಲ್ಲುತ್ತಾನೆ.

ಮೂರನೆಯದಾಗಿ, ಸಮಾನತ್ವ. ಈ ಮಾತನ್ನು ಅಡಿಗೆರೆ ಎಳೆದು ಓದಬೇಕಾಗಿದೆ. ಬೇರೆಯವರಿಗೆ ಸುಖವಾಗಬೇಕು, ನಿಮಗೆ ಸಂಕಟವಾಗಬೇಕು ಎಂಬದು ತನ್ನ ಉದ್ದೇಶವಲ್ಲವೆಂದು ಪೌಲನು ೮ನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ಇಂದು ಇವರ ಸಮೃದ್ಧಿಯು ಅವರ ಕೊರತೆಯನ್ನು ತುಂಬಬೇಕು. ನಾಳೆ ಅವರ ಸಮೃದ್ಧಿಯು ಇವರ ಕೊರತೆಯನ್ನು ತುಂಬಬೇಕು. ಅರಣ್ಯದಲ್ಲಿ ಮನ್ನವನ್ನು ಕೂಡಿಸಿದವರ ದೃಷ್ಟಾಂತವನ್ನು ಅವನು ಕೊಡುತ್ತಾನೆ: ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಸಾಲದೆ ಬರಲಿಲ್ಲ. ಯಾವಾಗಲೂ ಒಬ್ಬರೇ ಕೊಡುವವರು, ಯಾವಾಗಲೂ ಮತ್ತೊಬ್ಬರೇ ತೆಗೆದುಕೊಳ್ಳುವವರು ಎಂಬ ಏರ್ಪಾಟಿಗೆ ಸುವಾರ್ತೆಯಲ್ಲಿ ಆಧಾರವಿಲ್ಲ.

ನಾಲ್ಕನೆಯದಾಗಿ, ಲೆಕ್ಕ. ಇಷ್ಟು ದೊಡ್ಡ ಮೊತ್ತವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ. ಸಭೆಗಳವರು ಆರಿಸಿದ ಸಹೋದರನೊಬ್ಬನು ಜೊತೆಗಿದ್ದನು. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಕಾರ್ಯವು ಸರಿಯಾಗಿ ಕಾಣಬೇಕೆಂಬದು ಅವನ ಎಚ್ಚರಿಕೆ. ಬಡವರು ಬೆವರು ಸುರಿಸಿ ಕೊಟ್ಟ ಕಾಸಿಗೆ ಲೆಕ್ಕ ಒಪ್ಪಿಸುವದೂ ಭಕ್ತಿಯ ಒಂದು ಅಂಗವೇ.

೫. ಅರ್ಧ ಬಾಟ್ಸೆನ್ನೂ ಹಿಡಿ ಅಕ್ಕಿಯೂ

ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ೧೬ನೆಯ ಅಧ್ಯಾಯದಲ್ಲಿ, ಪ್ರತಿಯೊಬ್ಬರೂ ವಾರದ ಮೊದಲನೆಯ ದಿನದಲ್ಲಿ ತಮಗೆ ಬಂದ ಪ್ರಾಪ್ತಿಯ ಮೇರೆಗೆ ಸ್ವಲ್ಪವನ್ನು ತೆಗೆದಿಡಬೇಕೆಂಬ ಸಲಹೆಯಿದೆ. ಈ ಚಿಕ್ಕ ಸಲಹೆಯು ದೊಡ್ಡ ಕೆಲಸಗಳನ್ನು ಮಾಡಿಸಿದೆ. ಎರಡು ಉದಾಹರಣೆಗಳನ್ನು ಹೇಳುತ್ತೇನೆ.

ಬಾಸೆಲ್ ಮಿಶನಿನ ಮೊದಲಿನ ಬೋಧಕರು ಮಂಗಳೂರಿನಲ್ಲಿ ಇಳಿದದ್ದು ೧೮೩೪ರಲ್ಲಿ. ಕೆಲಸವು ಬೆಳೆದಂತೆ ವೆಚ್ಚವೂ ಬೆಳೆಯಿತು. ೧೮೫೫ರಲ್ಲಿ ಬಾಸೆಲಿನಲ್ಲಿ ಕಾರ್ಲ್ ಸರಸಿನ್ ಎಂಬವರ ಪ್ರಯತ್ನದಿಂದ ಅರ್ಧ ಬಾಟ್ಸೆನ್ ಸಂಗ್ರಹವೆಂಬದು ಆರಂಭವಾಯಿತು. ಸದಸ್ಯರೊಬ್ಬೊಬ್ಬರು ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಐದು ರಾಪೆನ್, ಕೊಡುವದು ಅದರ ಕ್ರಮ. ಅದು ಬಹು ಚಿಕ್ಕ ನಾಣ್ಯ. ಬಡವರ ಮನೆಯವರೂ ಕೊಡಬಹುದಾದದ್ದು. ಕನ್ನಡ ನಾಡಿನಲ್ಲಿ ಆ ಮಿಶನಿನವರು ನಡೆಸಿದ ಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗಿಯರ ಹಿಂದೆ ಹೀಗೆ ಹೆಸರಿಲ್ಲದ ಎಷ್ಟೋ ಕೈಗಳು ಇದ್ದವು. ಆ ಕೈಗಳವರು ಈ ಹುಡುಗಿಯರನ್ನು ನೋಡಲಿಲ್ಲ. ಈ ಹುಡುಗಿಯರೂ ಅವರನ್ನು ನೋಡಲಿಲ್ಲ.

ಎರಡನೆಯ ಉದಾಹರಣೆಯು ನಮ್ಮ ದೇಶದ ಈಶಾನ್ಯ ಮೂಲೆಯ ಮಿಜೋರಾಮಿನದು. ಆ ಗುಡ್ಡನಾಡಿನಲ್ಲಿ ರೊಕ್ಕವು ವಿರಳವಾಗಿದ್ದ ಕಾಲದಲ್ಲಿ, ೧೯೧೦ರಲ್ಲಿ, ಅಲ್ಲಿಯ ಕ್ರೈಸ್ತ ಹೆಂಗಸರ ನಡುವೆ ಬುಹ್‌ಫಾಯ್ ಥಾಮ್ ಎಂಬ ಪದ್ಧತಿಯು ಪ್ರಾರಂಭವಾಯಿತು. ಅದರ ಅರ್ಥವು ಹಿಡಿ ಅಕ್ಕಿ. ತಾಯಿಯು ಅಡಿಗೆಗೆಂದು ಅಕ್ಕಿಯನ್ನು ಅಳೆದಾಗಲೆಲ್ಲಾ ಅದರಿಂದ ಒಂದು ಹಿಡಿಯನ್ನು ತೆಗೆದು ಬೇರೆ ಪಾತ್ರೆಯಲ್ಲಿ ಹಾಕುತ್ತಾಳೆ. ಹಾಗೆ ಕೂಡಿದ ಅಕ್ಕಿಯನ್ನು ಸಭೆಯವರು ಮನೆಮನೆಯಿಂದ ಸಂಗ್ರಹಿಸಿ ಮಾರುತ್ತಾರೆ. ಬಂದ ಹಣವು ದೇವರ ಕೆಲಸಕ್ಕೆ ಹೋಗುತ್ತದೆ. ಒಂದು ಶತಮಾನವು ಕಳೆದ ಮೇಲೆಯೂ ಆ ಪದ್ಧತಿಯು ನಿಂತಿಲ್ಲ. ಚಾರೆಪ್ತದ ವಿಧವೆಯು ಬರಗಾಲದಲ್ಲಿ ಮಡಕೆಯ ತಳದ ಹಿಡಿ ಹಿಟ್ಟಿನಿಂದ ಎಲೀಯನಿಗೆ ಮೊದಲು ರೊಟ್ಟಿ ಸುಟ್ಟುಕೊಟ್ಟ ಕಥೆಯನ್ನು ಬಲ್ಲವರಿಗೆ ಇದರ ಬೇರು ಎಲ್ಲಿಯದೆಂದು ಹೇಳಬೇಕಾಗಿಲ್ಲ.

ಈ ಪದ್ಧತಿಯಲ್ಲಿ ನನಗೆ ಎರಡು ಸಂಗತಿಗಳು ವಿಶೇಷವಾಗಿ ತೋರುತ್ತವೆ. ಕೈಯಲ್ಲಿ ಒಂದು ಕಾಸೂ ಇಲ್ಲದ ಹೆಂಗಸಿಗೂ ತನ್ನದೆಂದು ಹೇಳಿಕೊಳ್ಳಬಹುದಾದ ಕಾಣಿಕೆಯು ಇದರಿಂದ ದೊರೆಯಿತು. ಅಕ್ಕಿಯ ಮಡಕೆಯ ಮೇಲಣ ಅಧಿಕಾರವು ಆಕೆಯದೇ ಅಲ್ಲವೇ? ಮತ್ತು ಆ ಹಿಡಿಯನ್ನು ತೆಗೆಯುವದು ಬೇಯಿಸುವದಕ್ಕೆ ಮುಂಚೆ. ಇದು ಚಿಕ್ಕ ಮಾತಲ್ಲ. ಬೇಯಿಸುವದಕ್ಕೆ ಮುಂಚೆ ತೆಗೆದ ಹಿಡಿಯು ಮನೆಯವರೆಲ್ಲರ ತಟ್ಟೆಯಿಂದ ಸಮನಾಗಿ ಹೋಗುತ್ತದೆ. ಎಲ್ಲರೂ ಉಂಡ ಮೇಲೆ ತೆಗೆದರೆ ಅದು ಕೊನೆಯಲ್ಲಿ ಉಣ್ಣುವವಳ ಪಾಲಿನಿಂದ ಮಾತ್ರ ಹೋಗುತ್ತದೆ. ಹಿಡಿಯು ಅದೇ, ಬೆಲೆ ತೆತ್ತವರು ಬೇರೆ.

೬. ಪಂಡಿತಾ ರಮಾಬಾಯಿಯವರು

ಸಂಪೂರ್ಣ ಮನಸ್ಸಿನಿಂದ ಕೊಡುವದೆಂದರೆ ಏನೆಂಬದಕ್ಕೆ ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಪಂಡಿತಾ ರಮಾಬಾಯಿಯವರ ಹೆಸರನ್ನು ಹೇಳದೆ ಇರಲಾಗದು. ಅವರು ಹುಟ್ಟಿದ್ದು ೧೮೫೮ರಲ್ಲಿ, ನಮ್ಮ ಪಶ್ಚಿಮ ಘಟ್ಟಗಳ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಗಸರಿಗೆ ಸಂಸ್ಕೃತವನ್ನು ಕಲಿಸಬಾರದೆಂಬ ಕಾಲದಲ್ಲಿ ತಮ್ಮ ಹೆಂಡತಿ ಲಕ್ಷ್ಮೀಬಾಯಿಯವರಿಗೆ ಅದನ್ನು ಕಲಿಸಿದರು. ಆ ತಾಯಿಯು ಮಗಳಿಗೆ ಕಲಿಸಿದರು. ಮುಂದೆ ಬರಗಾಲವು ಬಂದು ತಂದೆಯನ್ನೂ ತಾಯಿಯನ್ನೂ ಅಕ್ಕನನ್ನೂ ಕರೆದೊಯ್ಯಿತು. ಹಸಿವೆಂದರೆ ಏನೆಂದು ರಮಾಬಾಯಿಯವರು ಪುಸ್ತಕದಿಂದ ಕಲಿಯಲಿಲ್ಲ. ೧೮೮೨ರಲ್ಲಿ ಗಂಡನು ತೀರಿಕೊಂಡಾಗ ಅವರ ಕೈಯಲ್ಲಿ ಉಳಿದವಳು ಎಳೆಯ ಮಗಳು ಮನೋರಮೆಯೊಬ್ಬಳೇ.

ಅವರು ೧೮೮೩ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು. ೧೮೮೯ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವೆಂಬ ಶಾಲೆಯನ್ನು ವಿಧವೆಯರಿಗಾಗಿ ತೆರೆದರು. ೧೮೯೬–೯೭ರ ಕ್ಷಾಮದಲ್ಲಿ ಅವರು ಮಧ್ಯಪ್ರಾಂತದ ಊರುಗಳಿಗೆ ತಾವೇ ಹೋಗಿ, ಹಸಿವಿನಿಂದ ಸಾಯುತ್ತಿದ್ದ ಹುಡುಗಿಯರನ್ನೂ ಬಾಲವಿಧವೆಯರನ್ನೂ ಕರೆತಂದರು. ಪುಣೆಯ ಹತ್ತಿರದ ಕೇಡಗಾವಿನ ಮುಕ್ತಿ ಸದನದಲ್ಲಿ ಅವರಿಗೆ ಆಶ್ರಯವಾಯಿತು. ಅಲ್ಲಿಯ ಹುಡುಗಿಯರು ಓದುಬರಹದೊಂದಿಗೆ ನೇಯಿಗೆಯನ್ನೂ ಹೊಲದ ಕೆಲಸವನ್ನೂ ಅಚ್ಚುಕೂಟದ ಕೆಲಸವನ್ನೂ ಕಲಿತರು. ರಮಾಬಾಯಿಯವರು ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಮರಾಠಿಗೆ ತಿರುಗಿಸಿದಾಗ, ಆ ಅಚ್ಚುಕೂಟದಲ್ಲಿ ಮೊಳೆಗಳನ್ನು ಜೋಡಿಸಿದವರು ಇಂಥ ಹುಡುಗಿಯರೇ. ಭಾಷಾಂತರವನ್ನು ಮುಗಿಸಿ ಅವರು ೧೯೨೨ರ ಏಪ್ರಿಲ್ ೫ರಂದು ಕರ್ತನಲ್ಲಿ ನಿದ್ರೆಹೋದರು.

ಅವರ ದಾನದ ವಿಶೇಷವು ಇದು. ಅವರು ತಮ್ಮ ವಿದ್ಯೆಯನ್ನೂ ನಿದ್ರೆಯನ್ನೂ ಆಯುಷ್ಯವನ್ನೂ ವೆಚ್ಚಮಾಡಿದರು. ಆದರೆ ತಮ್ಮ ಬಳಿಗೆ ಬಂದ ಹುಡುಗಿಯರನ್ನು ಬರಿದುಮಾಡಲಿಲ್ಲ. ಹಿಡಿ ಅನ್ನಕ್ಕಾಗಿ ಬಂದವಳು ಮತ್ತೊಬ್ಬಳಿಗೆ ಕೊಡಬಲ್ಲವಳಾಗಿ ಹೊರಗೆ ಹೋಗುವಂತೆ ಮಾಡಿದರು. ನಿಜವಾದ ಕಾಣಿಕೆಯು ತೆಗೆದುಕೊಂಡವರನ್ನು ಕೊಡುವವರನ್ನಾಗಿ ಮಾಡುತ್ತದೆ.

೭. ನಮ್ಮ ಮನೆಗಳಲ್ಲಿ

ಇನ್ನು ನಮ್ಮ ಮನೆಗಳಿಗೆ ಬರೋಣ. ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕಾಗಿದೆ. ತಾಯಿತಂದೆಗಳು ಬೇಸರಪಡದೆ ಕೇಳಬೇಕು.

ಹೈಸ್ಕೂಲಿನ ತರಗತಿಗೆ ಬಂದ ಹುಡುಗಿಯು ಒಂದು ದಿನ ಬರುವದನ್ನು ನಿಲ್ಲಿಸುತ್ತಾಳೆ. ವಿಚಾರಿಸಿದರೆ, ತಮ್ಮನ ಓದಿಗಾಗಿ ಅವಳು ತನ್ನ ಓದನ್ನು ತ್ಯಾಗಮಾಡಿದಳೆಂದು ಮನೆಯವರು ಹೇಳುತ್ತಾರೆ. ಮಾತು ಕೇಳುವದಕ್ಕೆ ಚೆನ್ನಾಗಿದೆ. ಆದರೆ ಅರೌನನ ಕಣವನ್ನು ನೆನಪಿಗೆ ತಂದುಕೊಳ್ಳಿರಿ. ಇಲ್ಲಿ ಕೊಟ್ಟವರೆಂಬ ಹೆಸರು ಯಾರಿಗೆ, ತೆತ್ತವರು ಯಾರು? ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾನೂನು ೬ರಿಂದ ೧೪ ವರ್ಷಗಳ ವರೆಗಿನ ಮಕ್ಕಳಿಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ಕೊಡುತ್ತದೆ. ಆ ಕಾನೂನಿನ ಕೈಯು ಬಿಟ್ಟುಹೋಗುವ ವಯಸ್ಸಿನಲ್ಲಿಯೇ ಹೈಸ್ಕೂಲು ಮುಂದೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹುಡುಗಿಯ ಓದು ತಾಯಿತಂದೆಗಳ ಮನಸ್ಸಿನ ಮೇಲೆ ಹೊಂದಿಕೊಂಡಿರುತ್ತದೆ. ಹದಿನಾಲ್ಕು ವರ್ಷದ ಮಗಳು ತಂದೆಯ ಮುಂದೆ ನಿಂತು ಆಗದೆಂದು ಹೇಳಬಲ್ಲಳೋ? ಆಗದೆಂದು ಹೇಳಲಾರದವಳು ಆಗಲಿ ಎಂದರೆ ಅದನ್ನು ಒಪ್ಪಿಗೆಯೆಂದು ಎಣಿಸುವದು ನ್ಯಾಯವಲ್ಲ. ಕೇಳದೆ ತೆಗೆದುಕೊಂಡದ್ದಕ್ಕೆ ತ್ಯಾಗವೆಂದು ಹೆಸರಿಟ್ಟರೆ ಅದು ಕೊರ್ಬಾನಿನ ಮಾತೇ ಆಗುತ್ತದೆ.

ಹಾಗಾದರೆ ಒಡಹುಟ್ಟಿದವರಿಗಾಗಿ ದುಡಿದ ಅಕ್ಕಂದಿರ ತ್ಯಾಗವು ಸುಳ್ಳೋ? ಎಂದಿಗೂ ಅಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನರ್ಸುಗಳಾಗಿಯೂ ಉಪಾಧ್ಯಾಯಿನಿಯರಾಗಿಯೂ ದುಡಿದು ತಮ್ಮ ತಂಗಿಯರನ್ನು ಓದಿಸಿದವರಿದ್ದಾರೆ. ಅವರು ತಮ್ಮ ಕೈಯಿಂದ ಗಳಿಸಿದ್ದನ್ನು ತಮ್ಮ ಮನಸ್ಸಿನಿಂದ ಕೊಟ್ಟರು. ಅಂಥ ಕಾಣಿಕೆಯ ಮುಂದೆ ನಾವು ತಲೆಬಾಗತಕ್ಕದ್ದು. ವಿದ್ಯೆಯನ್ನು ಮೊದಲು ಮಗಳ ಕೈಗೆ ಕೊಡಿರಿ. ಆಮೇಲೆ ಅವಳು ಏನನ್ನು ಕೊಡುವಳೆಂದು ನೋಡಿರಿ. ಬರಿಗೈಯವಳಿಂದ ಕಾಣಿಕೆಯನ್ನು ನಿರೀಕ್ಷಿಸಬೇಡಿರಿ.

ಇದನ್ನು ಓದಿ ಯಾರಾದರೂ, ಬಲವಂತವಿಲ್ಲವಷ್ಟೇ, ಹಾಗಾದರೆ ಕೊಡದೆಯೇ ಇರಬಹುದು ಎಂದುಕೊಂಡರೆ ಅವರು ಪಾಠದ ಅರ್ಧವನ್ನು ಮಾತ್ರ ಓದಿದವರು. ಮತ್ತೊಬ್ಬರ ಪಾಲಿನಿಂದ ಕೊಡಬಾರದೆಂಬ ಮಾತಿಗೆ ಜೋಡಿಯಾಗಿ, ನಮ್ಮ ಪಾಲಿನಿಂದ ನಮಗೆ ತಟ್ಟುವಷ್ಟು ಕೊಡಬೇಕೆಂಬ ಮಾತೂ ಇದೆ. ಮದುವೆಯ ಊಟದಲ್ಲಿ ಒಂದು ಬಗೆಯು ಕಡಿಮೆಯಾದರೆ, ಹೊಸ ಸೀರೆಯು ಒಂದು ವರ್ಷ ತಡೆದರೆ, ಹಬ್ಬದ ಒಡವೆಯು ಅಂಗಡಿಯಲ್ಲಿಯೇ ಉಳಿದರೆ, ಅದರಿಂದ ಯಾರ ಹೊಟ್ಟೆಯೂ ಬರಿದಾಗದು. ಒಬ್ಬ ಬಡ ಹುಡುಗಿಯ ವಸತಿಗೃಹದ ವೆಚ್ಚವು ಸಾಗೀತು. ಬಟ್ಟೆಯ ಪೆಟ್ಟಿಗೆಯಲ್ಲಿ ತುಂಬಿ ಮಿಕ್ಕದ್ದನ್ನು ಕೊಡುವದು ಒಳ್ಳೇದೇ. ಆದರೆ ಅದನ್ನು ತ್ಯಾಗವೆಂದು ಕರೆಯಬೇಡಿರಿ.

ಮಕ್ಕಳ ವಿಷಯದಲ್ಲಿಯೂ ಒಂದು ಮಾತು. ಭಾನುವಾರದ ಕಾಣಿಕೆಗೆಂದು ತಂದೆಯು ಕೊಟ್ಟ ನಾಣ್ಯವನ್ನು ಚೀಲದಲ್ಲಿ ಹಾಕುವ ಮಗು ತಂದೆಯ ಕಾಣಿಕೆಯನ್ನು ಹೊತ್ತುಕೊಂಡು ಹೋದ ಹಾಗಾಯಿತೇ ಹೊರತು ತಾನು ಕೊಟ್ಟ ಹಾಗಾಗಲಿಲ್ಲ. ತನ್ನದೆಂಬದು ಸ್ವಲ್ಪವಾದರೂ ಮಗುವಿಗೆ ಇರಲಿ. ಅವಳು ನೆಟ್ಟ ಗಿಡದ ಹೂವಾಗಲಿ, ಹೊಲಿದ ಕರವಸ್ತ್ರವಾಗಲಿ, ತಂಗಿಗೆ ಪಾಠ ಹೇಳಿಕೊಟ್ಟ ಅರ್ಧ ಗಂಟೆಯಾಗಲಿ, ಅವಳದೇ ಆದದ್ದನ್ನು ಕೊಡುವದಕ್ಕೆ ಕಲಿಸಿರಿ. ಕೊಡಲೋ ಇಟ್ಟುಕೊಳ್ಳಲೋ ಎಂದು ಮನಸ್ಸಿನಲ್ಲಿ ಒಮ್ಮೆ ತೂಗಿ ನೋಡಿ ಕೊಟ್ಟ ಮಗುವೇ ಮುಂದೆ ಉದಾರಳಾಗುವಳು.

ಎಲ್ಲಾ ಕಾಣಿಕೆಗಳಿಗೂ ಮೂಲವಾದ ಕಾಣಿಕೆಯನ್ನು ನೆನಸಿ ಪಾಠವನ್ನು ಮುಗಿಸೋಣ. ಐಶ್ವರ್ಯವಂತನಾಗಿದ್ದ ಕ್ರಿಸ್ತನು ನಮಗೋಸ್ಕರ ಬಡವನಾದದ್ದನ್ನು ಪೌಲನು ಆ ೮ನೆಯ ಅಧ್ಯಾಯದಲ್ಲಿಯೇ ಕೊರಿಂಥದವರ ಮುಂದೆ ಇಡುತ್ತಾನೆ. ಯೋಹಾನನ ಸುವಾರ್ತೆಯ ೧೦ನೆಯ ಅಧ್ಯಾಯದಲ್ಲಿ ಕರ್ತನೇ ತನ್ನ ಪ್ರಾಣದ ವಿಷಯವಾಗಿ, ಅದನ್ನು ಯಾರೂ ತನ್ನಿಂದ ಕಿತ್ತುಕೊಳ್ಳುವದಿಲ್ಲ, ತಾನಾಗಿಯೇ ಕೊಡುತ್ತೇನೆ ಎಂದು ತಿಳಿಸಿದ್ದಾನೆ. ಆತನು ಮತ್ತೊಬ್ಬ ಯಾರ ಪಾಲನ್ನೂ ಅರ್ಪಿಸಲಿಲ್ಲ; ತನ್ನನ್ನೇ ಅರ್ಪಿಸಿದನು. ಆತನ ಹಿಂದೆ ನಡೆಯುವವರ ಕಾಣಿಕೆಯೂ ಅದೇ ಜಾತಿಯದಾಗಿರಬೇಕಷ್ಟೇ.

ಮನೆಯಲ್ಲಿ ಕೂಡಿ ಆಲೋಚಿಸುವದಕ್ಕಾಗಿ ಕೆಲವು ಪ್ರಶ್ನೆಗಳು:

ಒಂದು. ನಾನು ಕಳೆದ ವರ್ಷ ಕೊಟ್ಟವುಗಳಲ್ಲಿ ನನಗೆ ನಿಜವಾಗಿ ತಟ್ಟಿದ್ದು ಯಾವದು?

ಎರಡು. ನನ್ನ ಹೆಸರಿನಲ್ಲಿ ಕೊಟ್ಟ ಕಾಣಿಕೆಯ ಬೆಲೆಯನ್ನು ಮನೆಯಲ್ಲಿ ಮತ್ತೊಬ್ಬರು ತೆತ್ತದ್ದುಂಟೋ?

ಮೂರು. ನಮ್ಮ ಮನೆಯಲ್ಲಿ ಕೊನೆಯಲ್ಲಿ ಉಣ್ಣುವವರು ಯಾರು? ಅವರು ಅದನ್ನು ಆರಿಸಿಕೊಂಡರೋ?

ನಾಲ್ಕು. ಈ ವರ್ಷ ಯಾವ ಒಬ್ಬ ಹುಡುಗಿಯು ಓದನ್ನು ನಿಲ್ಲಿಸದ ಹಾಗೆ ನಾನು ನನ್ನದರಿಂದಲೇ ಏನು ಕೊಡಬಲ್ಲೆನು?

ನಾಲ್ಕನೆಯ ಪ್ರಶ್ನೆಗೆ ಉತ್ತರವನ್ನು ಕಾಗದದ ಮೇಲೆ ಬರೆದು, ಆ ಕಾಗದವನ್ನು ಅಕ್ಕಿಯ ಡಬ್ಬಿಯ ಬಳಿಯಲ್ಲಿ ಅಂಟಿಸಿಡಿರಿ. ದೇವರು ನಿಮ್ಮೆಲ್ಲರ ಮನೆಗಳನ್ನು ಆಶೀರ್ವದಿಸಲಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ